ಕಣ್ಣು ಮುಚ್ಚಿ ಕೂತರೆ ಮಗಳ ಎದೆ ಬಡಿದುಕೊಳ್ಳುತ್ತದೆ: ಶಾಲೆಯ ಮೈಂಡ್‌ಫುಲ್‌ನೆಸ್ ಅಭ್ಯಾಸ ಮುಂದುವರಿಸಬೇಕೇ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಹಳ್ಳಿಯವರು, ಅಡಿಕೆ ತೋಟವೇ ಜೀವನಾಧಾರ. ನನ್ನ ಮಗಳಿಗೆ 13 ವರ್ಷ. ಏಳನೇ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದಳು. ಈ ವರ್ಷ ಪೇಟೆಯ ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಗೆ ಸೇರಿಸಿದ್ದೇವೆ. ಬೆಳಿಗ್ಗೆ 7.15ರ ಬಸ್ಸಿಗೆ ಹೋದವಳು ಮನೆ ಸೇರುವಾಗ ಸಂಜೆ ಆರು ಗಂಟೆ. ಜುಲೈ ತಿಂಗಳಿನಿಂದ ಬೆಳಿಗ್ಗೆ ಹೊಟ್ಟೆನೋವು, ಕೆಲವು ದಿನ ವಾಕರಿಕೆ. ಸ್ಕ್ಯಾನಿಂಗ್ ಮಾಡಿಸಿದರೆ ಏನೂ ಇಲ್ಲ ಎಂದರು. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಮಕ್ಕಳನ್ನೂ ಕೂರಿಸಿ, ಸ್ಪೀಕರಿನಲ್ಲಿ ಧ್ವನಿಮುದ್ರಣ ಹಾಕಿ, 20 ನಿಮಿಷ ಕಣ್ಣು ಮುಚ್ಚಿಸಿ ಮೈಂಡ್‌ಫುಲ್‌ನೆಸ್, ಅಂದರೆ ಉಸಿರು ಗಮನಿಸುತ್ತ ಸುಮ್ಮನೆ ಕೂರುವ ಅಭ್ಯಾಸ, ಮಾಡಿಸುತ್ತಾರೆ. ಆಗ ಎದೆ ಡವಡವ ಎನ್ನುತ್ತದೆ, ಉಸಿರು ಕಟ್ಟಿದಂತಾಗುತ್ತದೆ ಎಂದು ಮಗಳು ಹೇಳುತ್ತಾಳೆ. ಕಣ್ಣು ತೆರೆದರೆ ಪಕ್ಕದ ಮಕ್ಕಳು ನಗುತ್ತಾರಂತೆ. ಟೀಚರನ್ನು ಕೇಳಿದರೆ, ಅವಳಿಗೆ ಏಕಾಗ್ರತೆ ಕಡಿಮೆ, ಮನೆಯಲ್ಲೂ ದಿನಾ ಮಾಡಿಸಿ ಎಂದರು. ಐದನೇ ತರಗತಿಯಲ್ಲಿರುವ ಅವಳ ತಮ್ಮ ಅದನ್ನೇ ಮನೆಯಲ್ಲಿ ಖುಷಿಯಿಂದ ಮಾಡುತ್ತಾನೆ. ನಮ್ಮ ಯಜಮಾನರು, ಇದೆಲ್ಲ ಶಾಲೆ ತಪ್ಪಿಸುವ ನಾಟಕ ಎನ್ನುತ್ತಾರೆ. ಈ ಅಭ್ಯಾಸದಿಂದ ನಿಜವಾಗಿ ಒತ್ತಡ ಕಡಿಮೆಯಾಗುತ್ತದೆಯೇ? ಮಗಳಲ್ಲಿ ಏನಾದರೂ ದೋಷವಿದೆಯೇ? ಮನೆಯಲ್ಲಿ ಮಾಡಿಸಬಹುದೇ, ಎಷ್ಟು ಹೊತ್ತು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೈಂಡ್‌ಫುಲ್‌ನೆಸ್ ಎಂಬ ಅಭ್ಯಾಸ ಈ ವಯಸ್ಸಿನ ಮಕ್ಕಳಿಗೆ ಒಳ್ಳೆಯದೇ ಅಲ್ಲವೇ ಎಂಬುದು ಒಂದು. ನಿಮ್ಮ ಮಗಳಿಗೆ ಜುಲೈನಿಂದ ಏನಾಗುತ್ತಿದೆ ಎಂಬುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ಮದ್ದು ಎಂದು ಶಾಲೆಯವರು ಭಾವಿಸಿರುವುದರಿಂದ ಗೊಂದಲ ಹುಟ್ಟಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈಗ ಶಾಲೆಯಲ್ಲಿ ನಡೆಯುತ್ತಿರುವ ರೀತಿಯಲ್ಲಿ, ಅಂದರೆ 20 ನಿಮಿಷ, ಕಡ್ಡಾಯವಾಗಿ, ಕಣ್ಣು ಮುಚ್ಚಿಸಿ, ಎಲ್ಲರೆದುರು ಮಾಡಿಸುವ ಅಭ್ಯಾಸ ನಿಮ್ಮ ಮಗಳಿಗೆ ಸದ್ಯಕ್ಕೆ ಹೊಂದುವುದಿಲ್ಲ. ಹಾಗೆಂದು ಅಭ್ಯಾಸವೇ ನಿಷ್ಪ್ರಯೋಜಕವಲ್ಲ. ಚಿಕ್ಕದಾಗಿ, ಕಣ್ಣು ತೆರೆದು, ಅವಳ ಇಷ್ಟದಂತೆ ಮಾಡಿದರೆ ಅದು ಒಂದಿಷ್ಟು ನೆರವಾದೀತು. ಆದರೆ ಅವಳ ಮೇಲೆ ಬಿದ್ದಿರುವ ಭಾರ ಯಾವುದು ಎಂದು ಹುಡುಕದೆ, ಅದರಲ್ಲಿ ಸ್ವಲ್ಪವನ್ನಾದರೂ ಇಳಿಸದೆ, ಬರೀ ಉಸಿರು ಗಮನಿಸು ಎಂದು ಹೇಳುವುದು ಮಗುವಿಗೆ ಮಾಡುವ ಅನ್ಯಾಯ.

ನಿಮ್ಮ ಯಜಮಾನರ ಮಾತನ್ನು ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಹೊಟ್ಟೆನೋವಿನ ಮಕ್ಕಳನ್ನು ಕರೆತರುವ ಹೆಚ್ಚಿನ ಮನೆಗಳಲ್ಲಿ ಯಾರಾದರೊಬ್ಬರು ಇದೇ ಮಾತನ್ನು ಆಡಿರುತ್ತಾರೆ. ಆತಂಕದಿಂದ ಬರುವ ಹೊಟ್ಟೆನೋವು ನಿಜವಾದ ನೋವು. ಮಿದುಳಿಗೂ ಕರುಳಿಗೂ ನರಗಳ ಮೂಲಕ ನೇರ ಸಂಪರ್ಕವಿದೆ. ಮಿದುಳು ಅಪಾಯವನ್ನು ಊಹಿಸಿದ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನು ಬಿಡುಗಡೆಯಾಗುತ್ತದೆ, ಜೀರ್ಣಕ್ರಿಯೆ ಹದ ತಪ್ಪುತ್ತದೆ, ಕರುಳಿನ ಸ್ನಾಯುಗಳು ಬಿಗಿಯುತ್ತವೆ, ವಾಕರಿಕೆ ಬರುತ್ತದೆ. ಸ್ಕ್ಯಾನಿಂಗಿನಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಕೆಟ್ಟಿರುವುದು ಅಂಗದ ರಚನೆಯಲ್ಲ, ಅದು ಕೆಲಸ ಮಾಡುವ ರೀತಿ. ಮಳೆಗಾಲದಲ್ಲಿ ನಮ್ಮ ಕಡೆಯ ತಂದೆತಾಯಿಯರು ಗಮನಿಸುವ ಒಂದು ಸಂಗತಿಯಿದೆ: ಇಂದು ಶಾಲೆಗಳಿಗೆ ರಜೆ ಎಂಬ ಜಿಲ್ಲಾಧಿಕಾರಿಗಳ ಪ್ರಕಟಣೆ ವಾಟ್ಸ್‌ಆಪಿನಲ್ಲಿ ಬಂದು ಅರ್ಧ ಗಂಟೆಯೊಳಗೆ ಮಗುವಿನ ಹೊಟ್ಟೆನೋವು ಇಳಿದುಹೋಗುತ್ತದೆ. ಆಗ ಮನೆಯವರು, ನೋಡಿದಿರಾ, ಸುಳ್ಳು ಹೇಳುತ್ತಿತ್ತು ಎಂದುಕೊಳ್ಳುತ್ತಾರೆ. ಆದರೆ ಇದರಿಂದ ತಿಳಿಯುವುದು ಬೇರೆ. ನೋವಿಗೆ ಕಾರಣ ಶಾಲೆಯ ದಾರಿಯಲ್ಲೋ, ಶಾಲೆಯ ಒಳಗೋ ಇರಬಹುದು ಎಂಬ ಸುಳಿವು ಸಿಕ್ಕಿತು; ಬೆದರಿಕೆ ಸರಿದಾಗ ದೇಹ ಸಡಿಲಗೊಂಡಿತು.  ನಿಮ್ಮ ಮಗಳಿಗೆ ಭಾನುವಾರ ಮತ್ತು ರಜೆಯ ದಿನ ನೋವಿರುತ್ತದೆಯೇ, ಯಾವ ಪಾಠದ ದಿನ ಹೆಚ್ಚು, ಬಸ್ಸು ಹತ್ತುವ ಮೊದಲು ಹೆಚ್ಚೋ ಪ್ರಾರ್ಥನೆಯ ಹೊತ್ತಿಗೆ ಹೆಚ್ಚೋ ಎಂಬುದನ್ನು ಎರಡು ವಾರ ಕ್ಯಾಲೆಂಡರಿನ ಮೇಲೆ ಗುರುತು ಮಾಡಿ. ಈ ಗುರುತುಗಳು ಮುಂದೆ ಯಾವ ತಜ್ಞರ ಬಳಿ ಹೋದರೂ ಬಹಳ ಉಪಯೋಗಕ್ಕೆ ಬರುತ್ತವೆ.

ಸ್ಕ್ಯಾನಿಂಗ್ ಮಾಡಿಸಿದ್ದೀರಿ, ಆದರೆ ರಕ್ತಪರೀಕ್ಷೆಯ ಮಾತು ಪತ್ರದಲ್ಲಿಲ್ಲ. ಋತುಚಕ್ರ ಆರಂಭವಾಗುವ ಈ ವಯಸ್ಸಿನಲ್ಲಿ ರಕ್ತಹೀನತೆ ತೀರಾ ಸಾಮಾನ್ಯ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಸುಸ್ತು, ಎದೆಬಡಿತ, ಮೆಟ್ಟಿಲು ಹತ್ತಿದರೆ ಏದುಸಿರು ಎಲ್ಲವೂ ಬರಬಹುದು. ಥೈರಾಯ್ಡ್ ಹಾರ್ಮೋನು ಹೆಚ್ಚಾದರೂ ಎದೆ ಬಡಿದುಕೊಳ್ಳುತ್ತದೆ. ಇವೆರಡನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ನುಂಗುತ್ತಿದ್ದಾಳೆಯೇ ಎಂದೂ ಕೇಳಿ. ವಾಕರಿಕೆ ಬರುತ್ತದೆಂದು ಅದನ್ನು ಗುಟ್ಟಾಗಿ ಎಸೆಯುವ ಹುಡುಗಿಯರಿದ್ದಾರೆ. ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುವುದು ಸಹಜ, ಊಟದ ನಂತರ ತೆಗೆದುಕೊಳ್ಳಲಿ.

ಈಗ ಅಭ್ಯಾಸದ ವಿಷಯ. ಮೈಂಡ್‌ಫುಲ್‌ನೆಸ್ ಎಂದರೆ ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು, ಉಸಿರಾಗಲಿ ಸದ್ದಾಗಲಿ ಮನಸ್ಸಿಗೆ ಬಂದ ಯೋಚನೆಯಾಗಲಿ, ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡದೆ ಗಮನಿಸುವುದು. ಇದರ ಮೂಲ ಬೌದ್ಧ ಸಾಧನಾ ಪದ್ಧತಿಯಲ್ಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಜಾನ್ ಕಬಾಟ್-ಜಿನ್ ಅವರು ಅದನ್ನು ಧಾರ್ಮಿಕ ಚೌಕಟ್ಟಿನಿಂದ ಹೊರತಂದು ಎಂಟು ವಾರಗಳ ತರಬೇತಿಯಾಗಿ ರೂಪಿಸಿದರು. ಇಲ್ಲಿ ನೆನಪಿಡಬೇಕಾದದ್ದು, ಆ ತರಬೇತಿ ಹುಟ್ಟಿದ್ದು ದೀರ್ಘಕಾಲದ ನೋವು ಅನುಭವಿಸುತ್ತಿದ್ದ ದೊಡ್ಡವರಿಗಾಗಿ. ಅವರು ತಾವಾಗಿಯೇ ಒಪ್ಪಿ ಬಂದವರು, ಎದುರಿಗೆ ತರಬೇತಾದ ಶಿಕ್ಷಕರಿದ್ದರು, ತೊಂದರೆಯಾದರೆ ಹೇಳಿಕೊಳ್ಳಲು ಅವಕಾಶವಿತ್ತು. ಮಕ್ಕಳ ಶಾಲೆಗಳಿಗೆ ಅದು ಬಂದದ್ದು ಆಮೇಲೆ. ನಮ್ಮ ದೇಶದಲ್ಲಿ ದೆಹಲಿ ಸರ್ಕಾರ 2018ರಲ್ಲಿ ತನ್ನ ಶಾಲೆಗಳಲ್ಲಿ ಆರಂಭಿಸಿದ ಸಂತೋಷ ಪಠ್ಯಕ್ರಮದಲ್ಲಿಯೂ ಕೆಲವು ನಿಮಿಷಗಳ ಇಂತಹ ಅಭ್ಯಾಸವಿತ್ತು. ಮಲೆನಾಡಿನ ಪೇಟೆಗಳ ಶಾಲೆಗಳೂ ಒಳ್ಳೆಯ ಮನಸ್ಸಿನಿಂದಲೇ ಇದನ್ನು ತೆಗೆದುಕೊಂಡಿರುತ್ತವೆ. ನಿಮ್ಮ ಮಗಳ ಶಾಲೆಯವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ.

ಆದರೆ ಇದರ ಸುತ್ತ ಕೆಲವು ತಪ್ಪು ಕಲ್ಪನೆಗಳು ಬೆಳೆದುಬಿಟ್ಟಿವೆ. ಅವುಗಳಲ್ಲಿ ಮಕ್ಕಳಿಗೆ ಹೆಚ್ಚು ತೊಂದರೆ ಕೊಡುವುದು, ಮನಸ್ಸನ್ನು ಖಾಲಿ ಮಾಡಬೇಕು, ಯೋಚನೆ ಬರಬಾರದು ಎಂಬ ಕಲ್ಪನೆ. ಮಂಗನನ್ನು ನೆನೆಯದೆ ಔಷಧಿ ಕುಡಿಯಬೇಕು ಎಂದು ವೈದ್ಯರು ಹೇಳಿದ ಮೇಲೆ ಬಟ್ಟಲು ಕೈಗೆತ್ತಿಕೊಂಡಾಗಲೆಲ್ಲ ಮಂಗನೇ ಕಣ್ಣೆದುರು ಬಂದ ರೋಗಿಯ ಕಥೆ ನಿಮಗೂ ಗೊತ್ತಿರಬಹುದು. ಯೋಚಿಸಬೇಡ ಎಂದು ಕೂರಿಸಿದ ಮಗುವಿಗೂ ಆಗುವುದು ಅದೇ. ಯೋಚನೆ ಬರುವುದು ಸೋಲಲ್ಲ. ಯೋಚನೆ ಬಂತು ಎಂದು ತಿಳಿದು ಮತ್ತೆ ಉಸಿರಿಗೋ ಸದ್ದಿಗೋ ಮರಳುವುದೇ ಅಭ್ಯಾಸ. ಹತ್ತು ಸಲ ಮನಸ್ಸು ಓಡಿಹೋಗಿ ಹತ್ತು ಸಲ ಮರಳಿತೆಂದರೆ ಮಗು ಹತ್ತು ಸಲ ಸರಿಯಾಗಿ ಮಾಡಿದೆ ಎಂದರ್ಥ. ಇದನ್ನು ಯಾರೂ ಹೇಳಿಕೊಡದಿದ್ದರೆ ಗಣಿತದಲ್ಲಿ ಹಿಂದೆ ಬಿದ್ದೆ ಎಂದು ಕೊರಗುವ ಮಗು, ಸುಮ್ಮನೆ ಕೂರುವುದರಲ್ಲಿಯೂ ತಾನು ಹಿಂದೆ ಬಿದ್ದೆ ಎಂದು ಕೊರಗಲು ತೊಡಗುತ್ತದೆ. ಟೀಚರು ಏಕಾಗ್ರತೆ ಕಡಿಮೆ ಎಂದಾಗ ನಿಮ್ಮ ಮಗಳಿಗೆ ಕೇಳಿಸಿರುವುದು ಇದೇ.

ಇನ್ನೊಂದು ಕಲ್ಪನೆ, ಇದರಿಂದ ಎಲ್ಲ ಮಕ್ಕಳಿಗೂ ಲಾಭ, ಯಾರಿಗೂ ಹಾನಿಯಿಲ್ಲ ಎಂಬುದು. ಈ ವಿಷಯದಲ್ಲಿ ನಡೆದಿರುವ ಅತಿ ದೊಡ್ಡ ಅಧ್ಯಯನಗಳಲ್ಲೊಂದು ಬ್ರಿಟನ್ನಿನದು. ಅಲ್ಲಿನ 85 ಶಾಲೆಗಳಲ್ಲಿ, ನಿಮ್ಮ ಮಗಳ ವಯಸ್ಸಿನ ಆಸುಪಾಸಿನ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಈ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳ ಶಿಕ್ಷಕರು ಮೊದಲು ತಾವು ಮೈಂಡ್‌ಫುಲ್‌ನೆಸ್ ಕಲಿತು, ಬಳಿಕ ಮಕ್ಕಳಿಗೆ ಪಾಠ ಮಾಡಿದರು. ಉಳಿದ ಶಾಲೆಗಳಲ್ಲಿ ಎಂದಿನಂತೆ ಭಾವನೆ, ಸ್ನೇಹ, ನಡವಳಿಕೆಗಳ ಬಗ್ಗೆ ನಡೆಯುವ ಪಾಠಗಳೇ ನಡೆದವು. ಒಂದು ವರ್ಷದ ನಂತರ ನೋಡಿದರೆ ಖಿನ್ನತೆಯ ಅಪಾಯದಲ್ಲಾಗಲಿ ಒಟ್ಟಾರೆ ಮಾನಸಿಕ ಯೋಗಕ್ಷೇಮದಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ಮಾನಸಿಕ ತೊಂದರೆಯ ಅಪಾಯದಲ್ಲಿದ್ದ ಮಕ್ಕಳಲ್ಲಿ ಕೆಲವು ಅಳತೆಗಳು ಸ್ವಲ್ಪ ಹದಗೆಟ್ಟಂತೆಯೂ ಕಂಡಿತು. ಶಿಕ್ಷಕರ ದಣಿವು ಮಾತ್ರ ಆರಂಭದಲ್ಲಿ ತಗ್ಗಿತ್ತು. ಬೇರೆ ಸಣ್ಣ ಅಧ್ಯಯನಗಳಲ್ಲಿ ಮಕ್ಕಳ ಆತಂಕ, ಒತ್ತಡ ಒಂದಿಷ್ಟು ಕಡಿಮೆಯಾದ ಫಲಿತಾಂಶಗಳೂ ಬಂದಿವೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ತಾನಾಗಿ ಇಷ್ಟಪಟ್ಟು, ಚೆನ್ನಾಗಿ ಕಲಿತ ಶಿಕ್ಷಕರೊಂದಿಗೆ ಮಾಡುವ ಮಗುವಿಗೆ ಸಣ್ಣ ಪ್ರಮಾಣದ ಲಾಭವಿದೆ. ಇಡೀ ಶಾಲೆಗೆ ಕಡ್ಡಾಯ ಮಾಡಿದರೆ ಒತ್ತಡ ಇಳಿಯುತ್ತದೆ ಎನ್ನಲು ಆಧಾರವಿಲ್ಲ. ಅಂಕ ಹೆಚ್ಚುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ನಿಮ್ಮ ಮಗಳಿಗೆ ಕಣ್ಣು ಮುಚ್ಚಿದಾಗ ಎದೆ ಬಡಿದುಕೊಳ್ಳುವುದೇಕೆ? ಇದು ದೋಷವಲ್ಲ. ಆತಂಕವಿರುವ ಮಗುವಿನ ಗಮನವನ್ನು ಹೊರಗಿನಿಂದ ದೇಹದ ಒಳಕ್ಕೆ ತಿರುಗಿಸಿದಾಗ ಅದಕ್ಕೆ ಮೊದಲು ಕೇಳಿಸುವುದು ತನ್ನದೇ ಎದೆಬಡಿತ. ಅದು ಸ್ವಲ್ಪ ವೇಗವಾಗಿದ್ದರೂ, ಏನೋ ಆಗುತ್ತಿದೆ ಎಂದು ಮಿದುಳು ಗಾಬರಿಯಾಗುತ್ತದೆ. ಗಾಬರಿಯಿಂದ ಬಡಿತ ಇನ್ನೂ ಏರುತ್ತದೆ. ಏರಿದ್ದು ಗಮನಕ್ಕೆ ಬಂದು ಗಾಬರಿ ಇಮ್ಮಡಿಸುತ್ತದೆ. ಆಳವಾಗಿ ಉಸಿರೆಳೆದುಕೊಳ್ಳಿ ಎಂದು ಸ್ಪೀಕರಿನ ಧ್ವನಿ ಹೇಳಿದಾಗ ಮಗು ಬೇಗಬೇಗನೆ ದೊಡ್ಡ ಉಸಿರು ಎಳೆದರೆ ತಲೆ ಹಗುರಾಗಿ, ಬೆರಳು ಜುಮ್ಮೆಂದು, ಉಸಿರು ಸಾಲದು ಎನ್ನಿಸುತ್ತದೆ. ಧ್ವನಿಮುದ್ರಣಕ್ಕೆ ಇದು ಕಾಣುವುದಿಲ್ಲ. ಎದುರಿಗೆ ನಿಂತ ಮನುಷ್ಯನಾದರೆ ಮಗುವಿನ ಮುಖ ನೋಡಿ, ಸಾಕು, ಕಣ್ಣು ತೆರೆ, ಕಿಟಕಿಯಾಚೆ ನೋಡು ಎನ್ನುತ್ತಿದ್ದ. ಅದರ ಜೊತೆಗೆ, ಹೊಸ ಶಾಲೆಯಲ್ಲಿ ಇನ್ನೂ ಸ್ನೇಹ ಬೆಳೆಯದ ಹುಡುಗಿಗೆ ನೂರಾರು ಮಕ್ಕಳ ನಡುವೆ ಕಣ್ಣು ಮುಚ್ಚಿ ಕೂರುವುದೇ ಅಭದ್ರತೆ. ಯಾರು ನೋಡುತ್ತಿದ್ದಾರೆ, ಯಾರು ನಗುತ್ತಿದ್ದಾರೆ ಎಂಬ ಎಚ್ಚರ 12, 13ನೇ ವಯಸ್ಸಿನಲ್ಲಿ ಇರುವಷ್ಟು ತೀಕ್ಷ್ಣವಾಗಿ ಮುಂದೆ ಎಂದೂ ಇರುವುದಿಲ್ಲವೇನೋ. ಈ ವಯಸ್ಸಿನಲ್ಲಿ ಭಯ ಮತ್ತು ಭಾವನೆಗಳನ್ನು ಗ್ರಹಿಸುವ, ಮಿದುಳಿನ ಅಮಿಗ್ಡಲಾ ಎಂಬ ಭಾಗ ಚುರುಕಾಗಿರುತ್ತದೆ. ಅದನ್ನು ತಡೆದು, ಪರವಾಗಿಲ್ಲ ಎಂದು ತಿಳಿಹೇಳಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ಹರೆಯದ ನಡುವಿನವರೆಗೂ ಸಮಯ ಬೇಕು. ತಮ್ಮ ಖುಷಿಯಿಂದ ಮಾಡುತ್ತಾನೆಂದರೆ ಅದಕ್ಕೆ ಕಾರಣ ಅವನ ವಯಸ್ಸು, ಮನೆಯ ಸುರಕ್ಷಿತ ಜಾಗ, ಮತ್ತು ಅವನಿಗೆ ಯಾರೂ ಕಡ್ಡಾಯ ಮಾಡದಿರುವುದು. ಅವನು ಮಾಡಲಿ; ಆದರೆ ತಮ್ಮನನ್ನು ನೋಡು ಎಂಬ ಮಾತು ಅಕ್ಕನೆದುರು ಬೇಡ.

ಈಗ ಅವಳ ಭಾರದ ಲೆಕ್ಕ. ಈ ಭಾಗವನ್ನು ನೀವು ಮತ್ತು ನಿಮ್ಮ ಯಜಮಾನರು ಒಟ್ಟಿಗೆ ಕೂತು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದು ನಿದ್ದೆ. 7.15ರ ಬಸ್ಸೆಂದರೆ ಅವಳು ಐದೂವರೆಗೆ ಏಳಬೇಕು. ಸಂಜೆ ಆರಕ್ಕೆ ಬಂದು, ಸ್ನಾನ, ಊಟ, ಹೋಂವರ್ಕು ಮುಗಿಸುವಷ್ಟರಲ್ಲಿ ಹತ್ತೂವರೆಯಾದರೆ ಸಿಗುವುದು ಏಳು ಗಂಟೆ. ಮಳೆಗಾಲದಲ್ಲಿ ಕರೆಂಟು ಹೋಗಿ ಹೋಂವರ್ಕು ತಡವಾದರೆ ಅದೂ ಇಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮೇಲಾಗಿ ಹದಿಹರೆಯಕ್ಕೆ ಕಾಲಿಟ್ಟ ಮಕ್ಕಳಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ. ಬೇಗ ಮಲಗು ಎಂದು ಗದರಿದರೂ ಅವರಿಗೆ ನಿದ್ದೆ ಬಾರದಿರುವುದು ಹಟವಲ್ಲ. ನಿದ್ದೆಗೆಟ್ಟ ಮಗುವಿಗೆ ಪ್ರಾರ್ಥನೆಯ ನಂತರ ಕಣ್ಣು ಮುಚ್ಚಿಸಿದರೆ ಒಂದೋ ತೂಕಡಿಸುತ್ತದೆ, ಇಲ್ಲವೋ ಕಿರಿಕಿರಿಗೊಳ್ಳುತ್ತದೆ. ಬಸ್ಸಿನ ವೇಳೆ ನಿಮ್ಮ ಕೈಯಲ್ಲಿಲ್ಲ. ಆದರೆ ಬ್ಯಾಗು ತುಂಬುವುದು, ಸಮವಸ್ತ್ರ ಒಣಗಿಸಿ ಇಡುವುದು ಹಿಂದಿನ ಸಂಜೆಯೇ ಮುಗಿದರೆ ಬೆಳಿಗ್ಗೆ ಇಪ್ಪತ್ತು ನಿಮಿಷ ಹೆಚ್ಚು ಮಲಗಬಹುದು. ಒಂದು ಹೋಂವರ್ಕನ್ನು ಶನಿವಾರಕ್ಕೆ ದಾಟಿಸಲು ಟೀಚರನ್ನು ಕೇಳಬಹುದು, ರಾತ್ರಿ ಒಂಬತ್ತರ ನಂತರ ಮನೆಯ ಎಲ್ಲರ ಮೊಬೈಲೂ ಒಂದೇ ಕಡೆ ಇರಬಹುದು. ನನ್ನ ಅನುಭವದಲ್ಲಿ ಈ ವಯಸ್ಸಿನ ಮಕ್ಕಳ ಬೆಳಗಿನ ಹೊಟ್ಟೆನೋವಿಗೆ ಬೇರೆಲ್ಲಕ್ಕಿಂತ ಬೇಗ ಫಲ ಕೊಡುವುದು ದಿನಕ್ಕೆ ಮುಕ್ಕಾಲು ಗಂಟೆಯ ಹೆಚ್ಚುವರಿ ನಿದ್ದೆ.

ಎರಡನೆಯದು ಮಾಧ್ಯಮದ ಬದಲಾವಣೆ. ಕನ್ನಡದಲ್ಲಿ ಲಸಾಅ, ಮಸಾಅ ಲೀಲಾಜಾಲವಾಗಿ ಬಿಡಿಸುತ್ತಿದ್ದ ಹುಡುಗಿ, ಅದೇ ಲೆಕ್ಕವನ್ನು ಬೇರೆ ಹೆಸರಿನಲ್ಲಿ ಕೇಳಿದಾಗ ಎದ್ದು ನಿಂತು ಸುಮ್ಮನಾಗುತ್ತಾಳೆ. ಗೊತ್ತಿರುವುದನ್ನು ಗೊತ್ತಿಲ್ಲವೆಂಬಂತೆ ನಿಲ್ಲಬೇಕಾಗಿ ಬರುವ ಅವಮಾನ ಮಕ್ಕಳನ್ನು ಒಳಗೊಳಗೇ ತಿನ್ನುತ್ತದೆ. ಊರಿನ ಶಾಲೆಯಲ್ಲಿ ಜಾಣೆ ಎನ್ನಿಸಿಕೊಂಡವರಿಗೆ ಇದು ಇನ್ನೂ ಕಷ್ಟ. ಅವಳ ಶಾಲೆ ರಾಜ್ಯ ಪಠ್ಯಕ್ರಮದ್ದಾಗಿದ್ದರೆ ಎಂಟನೇ ತರಗತಿಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ತಂದುಕೊಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಪಾಠಗಳು ಅವೇ. ಇಂದು ಸಂಜೆ ಕನ್ನಡದಲ್ಲಿ ಓದಿಕೊಂಡ ಪಾಠವನ್ನು ನಾಳೆ ಇಂಗ್ಲಿಷಿನಲ್ಲಿ ಕೇಳಿದರೆ ಅದು ಅಪರಿಚಿತವೆನ್ನಿಸುವುದಿಲ್ಲ. ಇದಕ್ಕೆ ತಿಂಗಳುಗಳು ಬೇಕು; ಮೊದಲ ಕಿರುಪರೀಕ್ಷೆಗಳ ಅಂಕ ಕಡಿಮೆ ಬಂದರೆ ಪರವಾಗಿಲ್ಲ ಎಂದು ಅಪ್ಪನ ಬಾಯಿಂದ ಒಮ್ಮೆ ಕೇಳಿಸಿಕೊಂಡರೆ ಅವಳಿಗೆ ಬಹಳ ಹಗುರವಾಗುತ್ತದೆ.

ಮೂರನೆಯದನ್ನು ನೀವು ಪತ್ರದಲ್ಲಿ ಬರೆದಿಲ್ಲ, ಆದರೂ ಕೇಳುತ್ತೇನೆ. ಅಡಿಕೆಗೆ ಬರುವ ಎಲೆಚುಕ್ಕೆ ರೋಗ, ಕೊಳೆರೋಗ, ಔಷಧಿ ಹೊಡೆಯಲು ಸಿಗದ ಆಳು, ಸೊಸೈಟಿಯ ಸಾಲ, ಇವುಗಳ ಮಾತು ರಾತ್ರಿ ಊಟದ ಹೊತ್ತಿನಲ್ಲಿ ನಡೆಯುತ್ತದೆಯೇ? ನಡೆಯುತ್ತಿದ್ದರೆ ಅವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾಳೆ. ತನ್ನ ಶಾಲೆಯ ಫೀಸು, ಬಸ್ಸಿನ ಖರ್ಚು ಮನೆಗೆ ಹೊರೆಯಾಗಿದೆ ಎಂದು ಲೆಕ್ಕ ಹಾಕುವಷ್ಟು ಬುದ್ಧಿ 13ನೇ ವಯಸ್ಸಿಗೆ ಬಂದಿರುತ್ತದೆ; ಆ ಲೆಕ್ಕವನ್ನು ಬಾಯಿಬಿಟ್ಟು ಕೇಳುವ ಧೈರ್ಯ ಬಂದಿರುವುದಿಲ್ಲ. ಮಕ್ಕಳಿಂದ ಕಷ್ಟವನ್ನು ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ತೋಟದ ತಾಪತ್ರಯ ನಮ್ಮದು, ಅದನ್ನು ನೋಡಿಕೊಳ್ಳುತ್ತೇವೆ, ನಿನ್ನ ಓದಿಗೆ ತೊಂದರೆಯಿಲ್ಲ ಎಂದು ನೇರವಾಗಿ ಹೇಳಿ. ಇನ್ನೊಂದು ಮಾತು: ನಮ್ಮ ಕಡೆಯ ಮನೆಗಳು ಒಂದಕ್ಕೊಂದು ದೂರ. ಓರಗೆಯ ಮಕ್ಕಳು ಊರಿನಲ್ಲಿ ಕಡಿಮೆಯಾಗಿದ್ದಾರೆ. ಹಳೆಯ ಶಾಲೆಯ ಗೆಳತಿಯ ಮನೆಗೆ ಭಾನುವಾರ ಅರ್ಧ ದಿನ ಕಳಿಸುವುದನ್ನು ಕಾಲಹರಣ ಎಂದುಕೊಳ್ಳಬೇಡಿ.

ಇದಕ್ಕೂ ಗಂಭೀರವಾದ ಪ್ರಶ್ನೆಯೊಂದನ್ನು ನೀವು ಅವಳಲ್ಲಿ ಕೇಳಲೇಬೇಕು. ಬಸ್ಸಿನಲ್ಲಿ, ಶಾಲೆಯಲ್ಲಿ, ದಾರಿಯಲ್ಲಿ ಯಾರಾದರೂ ಮೈ ಮುಟ್ಟಿದ್ದು, ಹಿಂಬಾಲಿಸಿದ್ದು, ಹೆದರಿಸಿದ್ದು, ದಿನವೂ ಗೇಲಿ ಮಾಡುತ್ತಿರುವುದು ಇದೆಯೇ? ಕಹಿ ಅನುಭವವಾದ ಮಕ್ಕಳಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂತಾಗಲೇ ಅದು ನುಗ್ಗಿ ಬರುತ್ತದೆ. ಎಲ್ಲ ಎದೆಬಡಿತದ ಹಿಂದೆಯೂ ಇಂಥದ್ದು ಇರುತ್ತದೆಂದು ಭಯಪಡಬೇಡಿ. ಆದರೆ ಕೇಳದೆ ಬಿಡಬೇಡಿ. ಎದುರುಬದುರು ಕೂರಿಸಿಕೊಂಡು ವಿಚಾರಣೆ ಮಾಡಿದರೆ ಬಾಯಿ ಕಟ್ಟುತ್ತದೆ. ಇಬ್ಬರೂ ಕೈಕೆಲಸ ಮಾಡುತ್ತಿರುವಾಗ, ಸೊಪ್ಪು ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ, ಬಸ್ಸಿನಲ್ಲಿ ಎಲ್ಲಿ ಕೂರುತ್ತೀಯ, ಪಕ್ಕದಲ್ಲಿ ಯಾರಿರುತ್ತಾರೆ ಎಂದು ಆರಂಭಿಸಿ. ಅವಳು ಏನು ಹೇಳಿದರೂ ಮೊದಲ ಉತ್ತರ, ನೀನು ಹೇಳಿದ್ದು ಒಳ್ಳೆಯದಾಯಿತು ಎಂದಿರಲಿ. ಏನಾದರೂ ನಡೆದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಕಾನೂನಿನ ರಕ್ಷಣೆಯೂ ಇದೆ.

ಇನ್ನು ಮುಂದಿನ ದಾರಿಗಳು. ಶಾಲೆಯ ಅಭ್ಯಾಸದಿಂದ ಅವಳೊಬ್ಬಳನ್ನೇ ಬಿಡಿಸುವುದು ಒಂದು. ಆ ಹೊತ್ತಿನಲ್ಲಿ ಎದೆ ಡವಡವ ಎನ್ನುವುದು ಅಂದೇ ತಪ್ಪಬಹುದು. ಅಪಾಯವೆಂದರೆ, ಎಲ್ಲರೂ ಕೂತಿರುವಾಗ ಅವಳೊಬ್ಬಳೇ ಹೊರಗೆ ನಿಂತು ಇನ್ನಷ್ಟು ನಗೆಗೆ ಗುರಿಯಾಗಬಹುದು. ಆದ್ದರಿಂದ ತರಗತಿ ಶಿಕ್ಷಕರನ್ನು ಖುದ್ದಾಗಿ ಕಂಡು, ಬದಲಾವಣೆಯನ್ನು ಎಲ್ಲ ಮಕ್ಕಳಿಗೂ ಮಾಡಲು ಕೇಳಿ: ಕಣ್ಣು ಮುಚ್ಚುವುದು ಬಿಡುವುದು ಅವರವರ ಇಷ್ಟವಾಗಲಿ, ನೋಟ ನೆಲದ ಮೇಲಿರಲಿ, 20 ನಿಮಿಷ ಐದಕ್ಕೆ ಇಳಿಯಲಿ, ಧ್ವನಿಮುದ್ರಣದ ಬದಲು ಶಿಕ್ಷಕರೇ ಮಾತನಾಡಲಿ, ಹೊಂದದ ಮಕ್ಕಳು ಚಿತ್ರ ಬಿಡಿಸುತ್ತ ಕೂರಲಿ. ಆಕ್ಷೇಪಣೆಯ ಧಾಟಿ ಬೇಡ. ಮಗಳಿಗೆ ಹೀಗಾಗುತ್ತಿದೆ, ಬೇರೆ ಮಕ್ಕಳಿಗೂ ಆಗುತ್ತಿರಬಹುದು ಎಂದರೆ ಹೆಚ್ಚಿನ ಶಿಕ್ಷಕರು ಕಿವಿಗೊಡುತ್ತಾರೆ. ಅವರಿಗೂ 20 ನಿಮಿಷ ಇಡೀ ಶಾಲೆಯನ್ನು ಸುಮ್ಮನಿರಿಸುವುದು ಸುಲಭದ ಕೆಲಸವಲ್ಲ.

ಮನೆಯಲ್ಲಿ ಕಲಿಸುವುದು ಇನ್ನೊಂದು ದಾರಿ. ಇಲ್ಲಿರುವ ಅಪಾಯ ಅದು ಮತ್ತೊಂದು ಹೋಂವರ್ಕಾಗಿಬಿಡುವುದು. ಮಾಡಿದೆಯಾ ಎಂದು ದಿನಾ ಕೇಳುವುದಾದರೆ ಆರಂಭಿಸಲೇಬೇಡಿ. ಮೊದಲ ಎರಡು ವಾರ ನೀವೊಬ್ಬರೇ ಮಾಡಿ. ಅವಳು ನೋಡಲಿ, ಬೇಕೆನಿಸಿದರೆ ಬಂದು ಕೂರಲಿ. ಮಳೆಗಾಲದಲ್ಲಿ ನಾನು ಮಕ್ಕಳಿಗೆ ಹೇಳಿಕೊಡುವ ರೀತಿ ಹೀಗಿದೆ. ಸಂಜೆ ಜಗಲಿಯಲ್ಲಿ ಕೂತುಕೊಳ್ಳಿ, ಕಣ್ಣು ತೆರೆದೇ ಇರಲಿ, ಬೆನ್ನು ಗೋಡೆಗೆ ಆನಿರಲಿ. ಮೊದಲು ತೀರಾ ಹತ್ತಿರದ ಸದ್ದನ್ನು ಹಿಡಿಯಿರಿ: ಹಂಚಿನ ಅಂಚಿನಿಂದ ಅಂಗಳಕ್ಕೆ ಬೀಳುವ ಹನಿ, ಕೆಳಗಿಟ್ಟ ಬಕೆಟ್ಟಿಗೆ ಬೀಳುವ ಧಾರೆ. ಸ್ವಲ್ಪ ಹೊತ್ತಿನ ಮೇಲೆ ಅದರಾಚೆಯ ಸದ್ದು, ಬಾಳೆ ಎಲೆಯ ಮೇಲಿನ ಮಳೆ, ಕೊಟ್ಟಿಗೆಯಲ್ಲಿ ದನ ಮೈಕೊಡವಿದ್ದು. ಆಮೇಲೆ ಅತಿ ದೂರದ್ದು, ಹಳ್ಳದ ಮೊರೆತ ಅಥವಾ ರಸ್ತೆಯ ಲಾರಿ. ನಡುವೆ ನಾಳೆಯ ಟೆಸ್ಟು ನೆನಪಾಗುತ್ತದೆ. ಟೆಸ್ಟಿನ ಯೋಚನೆ ಬಂತು ಎಂದು ಮನಸ್ಸಿನಲ್ಲೇ ಅಂದುಕೊಂಡು ಮತ್ತೆ ಹತ್ತಿರದ ಹನಿಗೆ ಮರಳುವುದು. ಮೂರು ನಿಮಿಷ ಸಾಕು. ಗಮನ ಹೊರಗಿನ ಸದ್ದಿನ ಮೇಲಿರುವುದರಿಂದ ಎದೆಬಡಿತದ ಸುಳಿಗೆ ಮಗು ಬೀಳುವುದಿಲ್ಲ. ಉಸಿರಿನ ಅಭ್ಯಾಸ ಬೇಕಿದ್ದರೆ ಇನ್ನೂ ಕೆಲವು ವಾರಗಳ ನಂತರ, ಅದೂ ಎಳೆದುಕೊಳ್ಳುವ ಉಸಿರಿಗಿಂತ ಬಿಡುವ ಉಸಿರನ್ನು ಉದ್ದ ಮಾಡುವಷ್ಟೇ; ಮೂರು ಎಣಿಸುವವರೆಗೆ ಒಳಕ್ಕೆ, ಐದು ಎಣಿಸುವವರೆಗೆ ಹೊರಕ್ಕೆ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ನಿಧಾನವಾಗುತ್ತದೆ, ಅದಕ್ಕಾಗಿ ಈ ಕ್ರಮ. ಉಸಿರು ಬಿಗಿಹಿಡಿಯುವ ಪ್ರಾಣಾಯಾಮಗಳು ಈಗ ಬೇಡ. ಬಸ್ಸಿನಲ್ಲಿ ನಿಂತಿರುವಾಗ ಎರಡೂ ಪಾದಗಳ ಮೇಲೆ ಬೀಳುವ ಭಾರ, ಕೈಯಲ್ಲಿ ಹಿಡಿದ ಕಂಬಿಯ ತಣ್ಪು, ತಿರುವಿನಲ್ಲಿ ಮೈ ವಾಲುವುದು, ಇವನ್ನು ಗಮನಿಸುವುದೂ ಇದೇ ಅಭ್ಯಾಸ, ಯಾರಿಗೂ ಗೊತ್ತಾಗುವುದೂ ಇಲ್ಲ. ಒಂದು ನಿಯಮವನ್ನು ಅವಳಿಗೆ ಮೊದಲೇ ಹೇಳಿಡಿ: ಎದೆ ಬಿಗಿದರೆ ತಕ್ಷಣ ನಿಲ್ಲಿಸಬಹುದು, ಎದ್ದು ನೀರು ಕುಡಿಯಬಹುದು, ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಬಹುದು. ಸಹಿಸಿಕೊಂಡು ಕೂರುವುದರಿಂದ ಯಾವ ಲಾಭವೂ ಇಲ್ಲ.

ಮೊಬೈಲಿನ ಆಪ್‌ಗಳು ಮಲಗುವ ಹೊತ್ತಿಗೆ ಫೋನನ್ನು ಮತ್ತೆ ಕೈಗೆ ತರುತ್ತವೆ, ಅವುಗಳ ಅಗತ್ಯವಿಲ್ಲ. ರಜೆಯಲ್ಲಿ ಹಲವು ದಿನ ಮೌನವಾಗಿ ಕೂರಿಸುವ ಶಿಬಿರಗಳಿಗೆ ಆತಂಕವಿರುವ ಈ ವಯಸ್ಸಿನ ಮಗುವನ್ನು ಕಳಿಸಲೇಬಾರದು. ಇನ್ನು, ಎಲ್ಲ ಅಭ್ಯಾಸವನ್ನೂ ಬದಿಗಿಟ್ಟು ನಿದ್ದೆ, ಓದಿನ ಹೊರೆ, ಸ್ನೇಹ ಇವಿಷ್ಟನ್ನೇ ಸರಿಪಡಿಸುವುದೂ ಪೂರ್ಣವಾದ ಒಂದು ದಾರಿ. ಅವಳಿಗೆ ಕುಳಿತು ಗಮನಿಸುವುದಕ್ಕಿಂತ ಓಡುವುದು, ಸೈಕಲ್ ಹೊಡೆಯುವುದು, ಹಾಡುವುದು ಇಷ್ಟವಾದರೆ ಒತ್ತಡ ಇಳಿಸಲು ಅವೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಯಾವ ದಾರಿ ಹಿಡಿದರೂ ಒಂದು ವಿಷಯದಲ್ಲಿ ಗಟ್ಟಿಯಾಗಿರಿ. ಜ್ವರ, ವಾಂತಿ ಇಲ್ಲದ ದಿನ ಬರೀ ಹೊಟ್ಟೆನೋವೆಂದು ಶಾಲೆ ಬಿಡಿಸಬೇಡಿ. ಒಂದು ದಿನ ಉಳಿದರೆ ಮರುದಿನ ಹೋಗುವುದು ಇನ್ನಷ್ಟು ಕಷ್ಟವಾಗುತ್ತದೆ. ಆತಂಕ ಬೆಳೆಯುವುದೇ ಹೀಗೆ. ನೋವಿದೆ ಎಂದು ನಂಬುತ್ತೇನೆ, ಬಿಸಿನೀರು ಕುಡಿದು ಹೋಗು, ತೀರಾ ಆಗದಿದ್ದರೆ ಟೀಚರ ಹತ್ತಿರ ಹೇಳು, ನಾನು ಮಾತಾಡಿದ್ದೇನೆ ಎಂದು ಕಳಿಸಿ. ನೋವನ್ನು ನಂಬುವುದು ಮತ್ತು ಶಾಲೆಗೆ ಕಳಿಸುವುದು ಎರಡೂ ಒಟ್ಟಿಗೆ ಸಾಧ್ಯ.

ನಾಲ್ಕರಿಂದ ಆರು ವಾರಗಳಲ್ಲಿ ಸುಧಾರಣೆ ಕಾಣದಿದ್ದರೆ ತಜ್ಞರನ್ನು ಕಾಣಿ. ತೂಕ ಇಳಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ಹೊಟ್ಟೆನೋವಿದ್ದರೆ, ಶಾಲೆಯನ್ನು ಪೂರ್ತಿ ನಿಲ್ಲಿಸಿದರೆ, ಇಷ್ಟದ ಸಂಗತಿಗಳಲ್ಲೂ ಆಸಕ್ತಿ ಕಳೆದುಕೊಂಡರೆ ಅಷ್ಟು ಕಾಯಬೇಡಿ. ತನ್ನನ್ನು ತಾನು ಗಾಯ ಮಾಡಿಕೊಂಡರೆ ಅಥವಾ ಬದುಕುವುದೇ ಬೇಡ ಎಂಬರ್ಥದ ಮಾತು ಬಂದರೆ ಅಂದೇ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ; ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಹೋದ ಕೂಡಲೇ ಮಾತ್ರೆ ಕೊಟ್ಟುಬಿಡುತ್ತಾರೆ ಎಂಬ ಭಯ ಬೇಡ. ಈ ವಯಸ್ಸಿನ ಆತಂಕಕ್ಕೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಮಾತುಕತೆಯದು: ಹೆದರಿಕೆಯ ಯೋಚನೆಯನ್ನು ಗುರುತಿಸಿ ಪರೀಕ್ಷಿಸುವುದು, ಹೆದರುವ ಸನ್ನಿವೇಶಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಒಂದೊಂದಾಗಿ ಎದುರಿಸುವುದು. ಅದಕ್ಕೆ ಹಲವು ಭೇಟಿಗಳು ಬೇಕಾಗುತ್ತವೆ, ಬಸ್ಸಿನ ಖರ್ಚು ಮತ್ತು ಶಾಲೆ ತಪ್ಪುವುದು ನಿಜವಾದ ತೊಂದರೆಗಳು. ಶನಿವಾರ ಮಧ್ಯಾಹ್ನದ ವೇಳೆ ಸಿಗುವುದೇ ಎಂದು ಮೊದಲೇ ವಿಚಾರಿಸಿ. ಕ್ಯಾಲೆಂಡರಿನ ಗುರುತುಗಳನ್ನೂ ರಕ್ತಪರೀಕ್ಷೆಯ ವರದಿಯನ್ನೂ ಜೊತೆಗೆ ಒಯ್ಯಿರಿ, ಸಾಧ್ಯವಾದರೆ ನಿಮ್ಮ ಯಜಮಾನರೂ ಬರಲಿ. ತಜ್ಞರು ಅವಳೊಬ್ಬಳನ್ನೇ ಕೂರಿಸಿಕೊಂಡು ಸ್ವಲ್ಪ ಹೊತ್ತು ಮಾತನಾಡಬೇಕೆಂದರೆ ಒಪ್ಪಿಕೊಳ್ಳಿ, ಮತ್ತು ಹೊರಬಂದ ಮೇಲೆ ಒಳಗೆ ಏನು ಹೇಳಿದೆ ಎಂದು ಅವಳನ್ನು ಕೇಳಬೇಡಿ.